ನಡುಗೆರೆಗೆ ಒಂದು ಗೇಣು

ಮೊನ್ನೆ ನನ್ನ ಮೊಣಕಾಲು ನೋವಿಗೆಂದು ಸಣ್ಣ ಬೋಗುಣಿಯಲ್ಲಿ ಕುಸುಬಿ ಎಣ್ಣೆ ಕಾಯಲಿಟ್ಟು, ಅದಕ್ಕೆ ಒಂದು ಚಿಟಿಕೆ ಅಜವಾನ, ನಾಲ್ಕು ಎಸಳು ಜಜ್ಜಿದ ಬೆಳ್ಳುಳ್ಳಿ ಹಾಕಿದೆ. ಬೆಳ್ಳುಳ್ಳಿ ಕೆಂಪಗಾಗಿ ಆ ಖಾರದ ಘಾಟು ಮೂಗಿಗೆ ಬಡಿದದ್ದೇ ತಡ, ಒಲೆಯ ಮುಂದೆ ನಿಂತಿದ್ದವಳು ಅಲ್ಲೇ ಸ್ಟೂಲು ಎಳೆದುಕೊಂಡು ಕೂತೆ. ಪುಣೆ ಹತ್ತಿರದ ಪಿಂಪ್ರಿಯ ರೈಲು ಹಳಿಯ ಪಕ್ಕದ ನಮ್ಮ ಚಾಳಿನಲ್ಲಿ ಆಟದ ದಿನಗಳ ಸಂಜೆ ಮನೆಮನೆಯಿಂದಲೂ ಇದೇ ವಾಸನೆ ಬರುತ್ತಿತ್ತು. ತಗಡಿನ ಮಾಡು, ಗೋಡೆಗೆ ಗೋಡೆ ಅಂಟಿದ ಒಂದೊಂದೇ ಕೋಣೆಗಳು, ಮುಂದೆ ಉದ್ದಕ್ಕೂ ಹರಿಯುವ ಗಟಾರು, ನಲ್ಲಿಯ ಮುಂದೆ ಸಾಲುಗಟ್ಟಿದ ಕೊಡಗಳು. ಆ ಸಾಲಿನ ಕೊನೆಯ ಎರಡು ಕೋಣೆ ನಮ್ಮವು. ಒಂದರಲ್ಲಿ ಅಪ್ಪ, ಅವ್ವ ಮತ್ತು ನಾನು. ಇನ್ನೊಂದರಲ್ಲಿ ಅಪ್ಪನ ತಮ್ಮ ಶರಣಪ್ಪ ಕಾಕಾ ಮತ್ತು ಅವನ ಹೆಂಡತಿ ಕಾಕು. ಆಯಿ ಮಾತ್ರ ಎರಡೂ ಮನೆಯವಳು. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ. ಚಾಳಿನ ಮರಾಠಿ ಗೆಳತಿಯರು ತಮ್ಮ ತಾಯಿಯನ್ನು ಹಾಗೆ ಕರೆಯುತ್ತಿದ್ದರಿಂದ, ನನಗೆ ಇಬ್ಬರು ತಾಯಂದಿರು ಎಂದೇ ಅವರೆಲ್ಲ ನಂಬಿದ್ದರು. ಅದೂ ಸುಳ್ಳೇನಲ್ಲ.

ಭೀಮಾ ದಂಡೆಯ ಊರು ಬಿಟ್ಟು ಬರುವಾಗ ಅಣ್ಣತಮ್ಮಂದಿರು ತಂದದ್ದು ಎರಡು ಕಂಬಳಿ, ಒಂದು ಹಿತ್ತಾಳೆ ಕೊಡ ಮತ್ತು ಕಬಡ್ಡಿ ಎಂದು ಆಯಿ ನಗುತ್ತಿದ್ದಳು. ಇಬ್ಬರಿಗೂ ಒಂದೇ ಕಾರ್ಖಾನೆಯ ಎರಕದ ವಿಭಾಗದಲ್ಲಿ ಕೆಲಸ. ಪಾಳಿ ಮುಗಿಸಿ ಬಂದು, ಮುಖದ ಮಸಿಯನ್ನೂ ತೊಳೆಯದೆ, ಚಾಳಿನ ಹಿಂದಿನ ಬಯಲಿಗೆ ಇಳಿಯುತ್ತಿದ್ದರು. ಇಬ್ಬರೂ ದಾಳಿಗೆ ಹೋಗುವವರಲ್ಲ, ಹಿಡಿಯುವವರು. ಎದುರಾಳಿ ಒಳಗೆ ಬಂದಾಗ ನಮ್ಮವರು ಜೋಡಿ ಜೋಡಿಯಾಗಿ ಕೈ ಹಿಡಿದು ನಿಲ್ಲುತ್ತಾರಲ್ಲ, ಅದಕ್ಕೆ ಸರಪಳಿ ಎನ್ನುತ್ತಾರೆ. ಮೂಲೆಯಲ್ಲಿ ಅಪ್ಪ, ಅವನ ಪಕ್ಕಕ್ಕೆ ಕಾಕಾ. ಊರಿನ ಹೊಳೆಯ ಉಸುಕಿನಲ್ಲಿ ಚಡ್ಡಿ ಹುಡುಗರಾಗಿದ್ದಾಗಿನಿಂದ ಕೂಡಿ ಬಂದ ಕೈಗಳು ಅವು. ಅಪ್ಪ ಯಾವಾಗ ಮುಂದೆ ಹೆಜ್ಜೆ ಹಾಕುತ್ತಾನೆ ಎಂಬುದು ಕಾಕಾನಿಗೆ ಅವನ ಬೆರಳಿನಿಂದಲೇ ತಿಳಿಯುತ್ತಿತ್ತಂತೆ. ಭೋಸರಿಯಿಂದ ಚಿಂಚವಾಡದವರೆಗೆ ಆಡಲು ಬಂದ ತಂಡಗಳೆಲ್ಲ ಆ ಮೂಲೆಯನ್ನು ಬಿಟ್ಟು ಆಡುವುದನ್ನು ಕಲಿತಿದ್ದವು.

ಎಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಹತ್ತೋ ಹನ್ನೊಂದೋ ಇರಬೇಕು. ಮಳೆಗಾಲದಲ್ಲಿ ಕಾರ್ಖಾನೆಯಲ್ಲಿ ಮುಷ್ಕರ, ನಮ್ಮವರ ಬಾಯಲ್ಲಿ ಸಂಪ, ಶುರುವಾಯಿತು. ಮೊದಲ ವಾರಗಳಲ್ಲಿ ಅದು ಜಾತ್ರೆಯ ಹಾಗಿತ್ತು. ಗೇಟಿನ ಮುಂದೆ ತಾಡಪತ್ರಿಯ ಮಂಟಪ, ಘೋಷಣೆ, ಡಬ್ಬಿಯಲ್ಲಿ ಚಹಾ. ಆಮೇಲೆ ಜನರ ಮುಖ ಇಳಿಯತೊಡಗಿದವು. ಆಡಳಿತದವರು ಮುಷ್ಕರ ಬಿಟ್ಟು ಕೆಲಸಕ್ಕೆ ಬರುವವರಿಗಾಗಿ ಕಿಟಕಿಗೆ ತಂತಿಯ ಜಾಳಿಗೆ ಹೊಡೆದ ಲಾರಿ ಕಳಿಸತೊಡಗಿದರು. ಕಾಕು ಆಗ ಬಸುರಿ. ಅದಕ್ಕೂ ಮೊದಲು ಎರಡು ಕೂಸು ಉಳಿದಿರಲಿಲ್ಲ. ಡಾಕ್ಟರು ಈ ಸಲ ಮಂಚ ಬಿಟ್ಟು ಏಳಬಾರದೆಂದಿದ್ದರು. ಒಂದು ಬೆಳಿಗ್ಗೆ ಕಾಕಾ ಅಪ್ಪನಿಗೆ ಹೇಳದೆ, ಚಾಳಿನ ಹಿಂಬದಿಯಿಂದ ಹೋಗಿ ಆ ಲಾರಿ ಹತ್ತಿದ.

ಅವತ್ತೇ ಗೇಟಿನಲ್ಲಿ ಕಲ್ಲು ಬಿತ್ತು. ಯಾರು ಒಗೆದರೋ ಯಾರಿಗೂ ಗೊತ್ತಾಗಲಿಲ್ಲ. ಜಾಳಿಗೆ ಕಿತ್ತಿದ್ದ ಜಾಗದಿಂದ ಅದು ಒಳಗೆ ನುಗ್ಗಿ ಕಾಕಾನ ಹುಬ್ಬು ಸೀಳಿತು. ಸಂಜೆ ತಲೆಗೆ ಬಟ್ಟೆ ಕಟ್ಟಿಕೊಂಡು ಬಂದ ಕಾಕಾ ಬಾಗಿಲಲ್ಲಿ ನಿಂತು ಆಯಿಗೆ ಒಂದೇ ಮಾತು ಹೇಳಿದ.

"ಕಲ್ಲು ಒಗದಾವ ಯಾರರ ಇರಲಿ. ಅಣ್ಣ ನೋಡ್ಕೋತ ನಿಂತಿದ್ದ."

ಗೋಡೆಯ ಈಚೆ ಕೂತಿದ್ದ ಅಪ್ಪನಿಗೆ ಅದು ಕೇಳಿಸಿತು. ನಾ ನೋಡಿಲ್ಲ ಎಂದು ಅವನು ಹೇಳಬಹುದಿತ್ತು. ಹೇಳಲಿಲ್ಲ. ತಾಟಿನಲ್ಲಿದ್ದ ರೊಟ್ಟಿಯನ್ನು ಮುರಿದು ಮುರಿದು ಪುಡಿ ಮಾಡುತ್ತಾ ಕೂತ. ಆಮೇಲೆ ಎದ್ದು ಕೈ ತೊಳೆದ. ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತು. ಆಯಿ ಹಗಲು ನಮ್ಮಲ್ಲಿ ಉಂಡು, ಸಂಜೆ ಅಲ್ಲಿ ಉಣ್ಣುವಳು. ಅವ್ವ ಮಾಡಿದ ಸಾರು ಕಾಕುಗೆ, ಕಾಕು ಕೂತಲ್ಲಿಂದಲೇ ಹಸನು ಮಾಡಿದ ಅಕ್ಕಿ ನಮಗೆ, ಎಲ್ಲವೂ ನನ್ನ ಕೈಯಿಂದಲೇ ಆ ಬಾಗಿಲಿಂದ ಈ ಬಾಗಿಲಿಗೆ. ತೆಳುವಾದ ಗೋಡೆ. ಕಾಕಾ ಕೆಮ್ಮಿದರೆ ಅಪ್ಪ ಹೊರಳುವುದು, ಅಪ್ಪ ನನ್ನನ್ನು ಗದರಿದರೆ ಅಲ್ಲಿಯ ಮಾತು ಥಟ್ಟನೆ ನಿಲ್ಲುವುದು. ಮನೆಯಲ್ಲಿ ನಾವೆಲ್ಲ ಉಸಿರು ಬಿಗಿಹಿಡಿದು ಬದುಕುತ್ತಿದ್ದೆವು. ಚಾಳೂ ಹಾಗೇ ಎರಡಾಗಿತ್ತು. ಲಾರಿ ಹತ್ತಿದವರ ಹೆಂಗಸರು ನಲ್ಲಿಗೆ ಬಂದರೆ ಉಳಿದವರು ಕೊಡ ಸರಿಸಿ ನಿಲ್ಲುತ್ತಿದ್ದರು.

ದಸರೆ ಕಳೆದ ಮೇಲೆ ನಮ್ಮ ಬಯಲಿನಲ್ಲಿ ಪ್ರತಿ ವರ್ಷ ಪಂದ್ಯಾವಳಿ. ಈ ಸಲ ಆಗುವುದೇ ಇಲ್ಲ ಎಂದುಕೊಂಡಿದ್ದೆವು. ತಂಡದ ನಾಯಕ ಸಿದ್ದಪ್ಪ ಮಾಮಾ, ಅಪ್ಪನ ಓರಗೆಯವರು, ನಮ್ಮ ಕಡೆಯವರೇ, ಒಂದು ಸಂಜೆ ಬಂದು ನಮ್ಮ ಹೊಸ್ತಿಲ ಮೇಲೆ ಕೂತರು.

"ಮಲ್ಲಣ್ಣಾ, ಗೇಟಿನ ಜಗಳ ಗೇಟಿನಾಗ ಇರ್ಲಿ. ನೀವಿಬ್ರೂ ಇಲ್ದ ನಾ ಯಾರನ್ನ ನಿಲ್ಲಿಸ್ಲಿ? ಪುಣೆ ಪೇಠೆಯ ತಂಡದವ್ರು ಈ ಸಲ ಹರಿಣನ್ನ ಕರ್ಕೊಂಡು ಬರಾಕತ್ಯಾರ."

ಅಪ್ಪ ಸೇದುತ್ತಿದ್ದ ಬೀಡಿಯನ್ನು ನೆಲಕ್ಕೆ ತಿಕ್ಕಿ ಆರಿಸಿದ. "ಆಡ್ತೀನಿ. ಆದ್ರ ಅವನ ಕೈ ಹಿಡಿಯಂಗಿಲ್ಲ."

ಸಿದ್ದಪ್ಪ ಮಾಮಾ ಏನೋ ಅನ್ನುವಷ್ಟರಲ್ಲಿ ಗೋಡೆಯ ಆಚೆಯಿಂದ ಕಾಕಾನ ದನಿ ಬಂತು. "ನಂದೂ ಅದೇ ಮಾತು, ಸಿದ್ದಪ್ಪ."

ಹರಿಣ ಎಂದರೆ ಜಿಂಕೆ. ಪೇಠೆಯ ಆ ಆಟಗಾರನ ನಿಜವಾದ ಹೆಸರು ನಮಗ್ಯಾರಿಗೂ ಬೇಕಿರಲಿಲ್ಲ. ನೀಳ ಕಾಲಿನ, ತೆಳ್ಳಗಿನ ಮನುಷ್ಯ. ನಿಂತಲ್ಲಿಂದ ಜಿಗಿದು ಹಿಡಿಯುವವರ ಹೆಗಲ ಮೇಲಿಂದ ಹಾರಿ ಹೋಗುತ್ತಾನೆಂದು ಮಾತಿತ್ತು. ಫೈನಲ್ಲಿನ ಮಧ್ಯಾಹ್ನ ಬಯಲಿನ ಸುತ್ತ ಹಗ್ಗ ಕಟ್ಟಿದ್ದರು. ಲಾರಿ ಹತ್ತಿದವರ ಮನೆಯವರು ಹಳಿಯ ಕಡೆ, ಉಳಿದವರು ಚಾಳಿನ ಕಡೆ. ಪೊಲೀಸರೂ ಬಂದು ಮರದ ಕೆಳಗೆ ನಿಂತಿದ್ದರು. ಆಯಿ ಯಾವ ಕಡೆಯೂ ಹೋಗದೆ, ನಡುಗೆರೆಯ ನೇರಕ್ಕೆ ಹಗ್ಗದ ಪಕ್ಕ ಗೋಣಿಚೀಲ ಹಾಸಿ ಕೂತಳು. ನಾನು ಅವಳ ಬೆನ್ನಿಗೆ ಅಂಟಿ ನಿಂತೆ.

ಅಪ್ಪ ಮತ್ತು ಕಾಕಾ ಪಕ್ಕಪಕ್ಕ ನಿಂತರು. ನಡುವೆ ಒಂದು ಮಾರು ಅಂತರ. ಇಡೀ ಆಟದಲ್ಲಿ ನಾನು ಬೇರೇನನ್ನೂ ನೋಡಲಿಲ್ಲ, ಆ ಅಂತರವನ್ನಷ್ಟೇ ನೋಡಿದೆ. ಹರಿಣನ ಕಣ್ಣಿಗೂ ಅದು ಬೇಗ ಬಿತ್ತು. ಒಳಗೆ ಬರುವನು, ಆ ಕಡೆ ಈ ಕಡೆ ಆಡಿಸುವನು, ಕೊನೆಗೆ ಅಪ್ಪ-ಕಾಕಾರ ನಡುವಿನಿಂದಲೇ ನುಗ್ಗಿ, ಒಬ್ಬರನ್ನು ಮುಟ್ಟಿ ಹೋಗುವನು. ಒಂಟಿಯಾಗಿ ಹಿಡಿಯಲು ಹೋದ ಅಪ್ಪ ಎರಡು ಸಲ ಮಣ್ಣು ಮುಕ್ಕಿದ. ಚಾಳಿನ ಕಡೆಯಿಂದ ಯಾರೋ ಕಾಕಾನಿಗೆ ಕೆಟ್ಟ ಬೈಗುಳ ಬೈದರು. ಹಳಿಯ ಕಡೆಯಿಂದ ಅದಕ್ಕೆ ಉತ್ತರ ಬಂತು. ಪೊಲೀಸರು ಲಾಠಿ ನೆಲಕ್ಕೆ ಬಡಿದರು. ಆಯಿ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು ಕದಲದೆ ಕೂತಿದ್ದಳು.

ಸಿದ್ದಪ್ಪ ಮಾಮಾ ದಾಳಿ ಮಾಡಿ ಮಾಡಿ ಅಂಕಗಳನ್ನು ಸಮಕ್ಕೆ ತಂದರು. ಆಟ ಮುಗಿಯಲು ಒಂದೇ ದಾಳಿ ಉಳಿದಾಗ ನಮ್ಮ ಕಡೆ ಮೂರೇ ಜನ: ಸಿದ್ದಪ್ಪ ಮಾಮಾ, ಅಪ್ಪ, ಕಾಕಾ. ಹರಿಣ ಒಬ್ಬರನ್ನು ಮುಟ್ಟಿ ಹೋದರೆ ಅವರು ಗೆದ್ದರು. ಹಿಡಿದರೆ ನಾವು. ಅವನು ಕೈಗೆ ಮಣ್ಣು ಸವರಿಕೊಂಡು, ನಗುತ್ತಲೇ, ನಡುಗೆರೆ ದಾಟಿದ. ಕಬಡ್ಡಿ ಕಬಡ್ಡಿ ಎಂಬ ಅವನ ದನಿ ಸಣ್ಣಗೆ, ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು.

ಆಗಲೇ ಲೋಣಾವಳಾದ ಕಡೆ ಹೋಗುವ ಲೋಕಲ್ ರೈಲು ಬಂತು. ಅದರ ಸದ್ದಿಗೆ ಜನರ ಕೂಗಾಗಲಿ, ಹರಿಣನ ಕಬಡ್ಡಿಯಾಗಲಿ ಕೇಳಿಸದಂತಾಯಿತು. ಉಸಿರು ತಪ್ಪಿತೋ ಇಲ್ಲವೋ ತಿಳಿಯಲು ಅಂಪೈರ್ ಬಗ್ಗಿ ಬಗ್ಗಿ ಅವನ ಹಿಂದೆಯೇ ಸುತ್ತುತ್ತಿದ್ದರು. ಹರಿಣ ಸಿದ್ದಪ್ಪ ಮಾಮಾನತ್ತ ಕಾಲು ಚಾಚಿ ಅವರು ಹಿಂದೆ ಸರಿಯುವಂತೆ ಮಾಡಿ, ಮೂಲೆಯ ಕಡೆ ತಿರುಗಿದ. ಆಗ ನೋಡಿದೆ, ಕಾಕಾ ಅಪ್ಪನ ಕಡೆ ತಿರುಗದೆಯೇ ತನ್ನ ಎಡಗೈಯನ್ನು ಪಕ್ಕಕ್ಕೆ ಚಾಚಿದ್ದ. ಖಾಲಿ ಕೈ ಗಾಳಿಯಲ್ಲಿ ತೂಗುತ್ತಿತ್ತು. ಅಪ್ಪ ನೋಡಿದ. ನೋಡಿ, ಮುಖ ತಿರುಗಿಸಿದ. ಹರಿಣ ಒಂದು ಹೆಜ್ಜೆ ಮುಂದೆ ಬಂದ. ಆ ಕೈ ಇನ್ನೂ ಅಲ್ಲೇ ಇತ್ತು. ಅಪ್ಪ ತನ್ನ ಅಂಗೈಯ ಬೆವರನ್ನು ಚಡ್ಡಿಗೆ ಒರೆಸಿಕೊಂಡ. ನನ್ನ ಕೈಯಲ್ಲಿ ಆಯಿಯ ಸೆರಗಿತ್ತು, ಅದು ಹರಿಯುವಷ್ಟು ಎಳೆದಿದ್ದೆ.

ಹರಿಣ ಜಿಗಿದದ್ದು ಇಡೀ ಹೊತ್ತು ಖಾಲಿಯಾಗಿದ್ದ ಆ ಜಾಗಕ್ಕೇ. ಈ ಸಲ ಅಲ್ಲಿ ಎರಡು ಕೈ ಕೂಡಿದ್ದವು. ಅವನ ಹೊಟ್ಟೆ ಆ ಸರಪಳಿಗೆ ಬಡಿಯಿತು. ಅವನ ಜೋರಿಗೆ ಇಬ್ಬರೂ ಮಂಡಿಯೂರಿದರು, ಕೈ ಬಿಡಲಿಲ್ಲ. ಹಾಗೇ ಅವರನ್ನು ಎಳೆದುಕೊಂಡು ಅವನು ನಡುಗೆರೆಯತ್ತ ತೆವಳಿದ. ಸಿದ್ದಪ್ಪ ಮಾಮಾ ಹಾರಿ ಕಾಲಿಗೆ ಬಿದ್ದರು. ಹರಿಣನ ಕೈ ಮುಂದೆ ಮುಂದೆ ಚಾಚುತ್ತಿತ್ತು. ಗೆರೆಗೆ ಒಂದು ಗೇಣು. ಅಂಪೈರ್ ಮಣ್ಣಿನ ಮೇಲೆ ಮಲಗಿ ಅವನ ಬಾಯಿಗೆ ಕಿವಿಯಿಟ್ಟಿದ್ದರು. ರೈಲಿನ ಕೊನೆಯ ಡಬ್ಬಿ ಹೋಯಿತು. ಸದ್ದು ದೂರವಾದ ಮೇಲೆ ಬಯಲೆಲ್ಲ ಮೌನ. ಆ ಮೌನದಲ್ಲಿ ಕಬಡ್ಡಿ ಇರಲಿಲ್ಲ. ಅಂಪೈರ್ ಸೀಟಿ ಊದಿದರು, ನಾವು ಗೆದ್ದಿದ್ದೆವು.

ಮುಂದೆ ವರ್ಷಗಟ್ಟಲೆ ಚಾಳಿನವರು ಹೇಳಿ ಹೇಳಿ ದಣಿಯದ ಕ್ಷಣ ಅದು. ಮದುವೆಯಲ್ಲಿ, ಗಣಪತಿಯ ಮಂಟಪದಲ್ಲಿ, ಸತ್ತವರ ಮನೆಯಲ್ಲಿ ಕೂಡ. ಹೇಳುವವರ ಬಾಯಲ್ಲಿ ಗೇಣು ಬೆರಳಾಯಿತು, ಬೆರಳು ಕೂದಲೆಳೆಯಾಯಿತು. ಎರಡೂ ಕಡೆಯವರು ಹಗ್ಗ ಹರಿದು ಒಳಗೆ ನುಗ್ಗಿದ್ದು, ಇಬ್ಬರನ್ನೂ ಹೆಗಲ ಮೇಲೆ ಹೊತ್ತದ್ದು ಎಲ್ಲವೂ ನಿಜ. ಆದರೆ ಹೆಗಲಿಂದ ಇಳಿದ ಮೇಲೆ ಅಪ್ಪ ಅಂಗಿ ಎತ್ತಿಕೊಂಡು ಒಂದು ದಾರಿ ಹಿಡಿದ, ಕಾಕಾ ಇನ್ನೊಂದು. ಅದನ್ನು ಯಾರೂ ಹೇಳುವುದಿಲ್ಲ. ಆ ಸಂಜೆ ಆಯಿ ನಮ್ಮ ಒಲೆಯ ಮೇಲೆ ಎಣ್ಣೆ ಕಾಯಿಸಿ, ಅರ್ಧ ಬಟ್ಟಲು ನನ್ನ ಕೈಗೆ ಕೊಟ್ಟು ಆ ಮನೆಗೆ ಕಳಿಸಿದಳು. ಕಾಕಾನ ಹುಬ್ಬಿನ ಗಾಯ ಮತ್ತೆ ಬಿಚ್ಚಿತ್ತು. ಅವನು ಎಣ್ಣೆ ತೆಗೆದುಕೊಂಡು, ದನಿ ತಗ್ಗಿಸಿ ಕೇಳಿದ:

"ಗೌರೀ, ಅಣ್ಣನ ಕಿರಿಬೆರಳು ಮುರದದೇನ?"

"ಬಾತದ ಕಾಕಾ. ಮಡಚಾಕ ಬರವಲ್ದು."

ಕಾಕಾ ಎಣ್ಣೆಯಲ್ಲಿ ಬೆರಳದ್ದಿ ತನ್ನ ಮಂಡಿಗೆ ತಿಕ್ಕತೊಡಗಿದ. ನಾನು ಬಾಗಿಲಲ್ಲಿ ಕಾದೆ, ಎದ್ದು ಬರುತ್ತಾನೇನೋ ಎಂದು. ಕಾಕು ಕಣ್ಣಲ್ಲೇ ನನಗೆ ಹೋಗು ಎಂದಳು.

ಮರುದಿನ ಬೆಳಿಗ್ಗೆ ಕಾಕಾ ಮತ್ತೆ ಲಾರಿ ಹತ್ತಿದ. ಅಪ್ಪ ಮತ್ತೆ ಗೇಟಿಗೆ ಹೋದ. ಅವ್ವನೂ ನಾನೂ ಎಂದಿನಂತೆ ಅಪ್ಪನಿಗೆ ರೊಟ್ಟಿ ತೆಗೆದುಕೊಂಡು ಹೋಗಿದ್ದೆವು. ಲಾರಿ ತಿರುವಿನಲ್ಲಿ ಕಾಣಿಸುತ್ತಲೇ ಕೂಗು ಎದ್ದಿತು. ಜನ ಅದರ ಎರಡೂ ಬದಿಗೆ ಒತ್ತಿಕೊಂಡು ಬಂದರು. ನಮ್ಮ ಮುಂದೆಯೇ ಇದ್ದ ಒಬ್ಬ ಬಗ್ಗಿ ಏನನ್ನೋ ಎತ್ತಿಕೊಂಡ. ಅವ್ವ ನನ್ನ ಮುಖವನ್ನು ತನ್ನ ಹೊಟ್ಟೆಗೆ ಒತ್ತಿದಳು. ನಾನು ಬಿಡಿಸಿಕೊಂಡು ನೋಡಿದೆ. ಅಪ್ಪ ಮುಷ್ಕರದವರ ಸಾಲು ಬಿಟ್ಟು ಹೊರಗೆ ಬಂದಿದ್ದ. ನೆಟ್ಟಗೆ ಹೋಗಿ, ಕಾಕಾ ಕೂತಿದ್ದ ಬದಿಗೆ ಲಾರಿಯ ಜಾಳಿಗೆಗೆ ಬೆನ್ನು ಕೊಟ್ಟು, ಜನರತ್ತ ಮುಖ ಮಾಡಿ, ಲಾರಿಯ ಜೊತೆಗೇ ಅಡ್ಡಡ್ಡ ಹೆಜ್ಜೆ ಹಾಕತೊಡಗಿದ. ಬಟ್ಟೆ ಸುತ್ತಿದ ಕೈಯನ್ನು ಎತ್ತಿ ಎಲ್ಲರಿಗಿಂತ ಜೋರಾಗಿ ಮುಷ್ಕರದ ಘೋಷಣೆಯನ್ನೇ ಕೂಗುತ್ತಿದ್ದ. ಲಾರಿಯೊಳಗಿದ್ದವರ ವಿರುದ್ಧದ ಘೋಷಣೆ. ಅವನ ಕತ್ತಿನ ನರ ಉಬ್ಬಿದ್ದವು. ಕಲ್ಲು ಎತ್ತಿದವನ ಕೈ ಎತ್ತಿದಲ್ಲೇ ನಿಂತಿತು. ಜಾಳಿಗೆಯ ಹಿಂದೆ ಕಾಕಾ ತಲೆ ತಗ್ಗಿಸಿ ಕೂತಿದ್ದ. ಗೇಟು ತೆರೆದು, ಲಾರಿ ಒಳಗೆ ಹೋಗಿ, ಗೇಟು ಮುಚ್ಚಿತು. ಒಂದು ಕಲ್ಲೂ ಬೀಳಲಿಲ್ಲ.

ಮುಷ್ಕರದ ಮುಂದಾಳು ಬಂದು ಅಪ್ಪನ ಕೊರಳಪಟ್ಟಿ ಹಿಡಿದ. ಅಪ್ಪ ಅವನ ಕೈ ಬಿಡಿಸಿ, ಮರಾಠಿಯಲ್ಲಿ, ನಾನು ಘೋಷಣೆ ನಿಲ್ಲಿಸಿದೆನೇ ಎಂದು ಕೇಳಿದ. ಮುಂದಾಳು ಮಂಟಪದತ್ತ ತಿರುಗಿ ಹೋದ. ಮನೆಗೆ ಬಂದು ಅವ್ವ ನಡೆದದ್ದನ್ನೆಲ್ಲ ಆಯಿಗೆ ಹೇಳಿದಳು. ಆಯಿ ಹಿಟ್ಟು ಕಲೆಸಿ, ಆವತ್ತು ಎರಡೂ ಮನೆಗೆ ಸಾಕಾಗುವಷ್ಟು ರೊಟ್ಟಿಯನ್ನು ಒಬ್ಬಳೇ ಬಡಿದಳು. ಮುಷ್ಕರ ಮುರಿಯುವವರೆಗೆ ಅಪ್ಪ ದಿನಾ ಹಾಗೇ ಲಾರಿಯ ಜೊತೆ ನಡೆದ.

ಚಳಿ ಮುಗಿಯುವಾಗ ಮುಷ್ಕರ ಸೋತಿತು. ಅಪ್ಪನನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಭೋಸರಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಅವನು ಕೆಲಸ ಹಿಡಿದ, ನಾವು ಆ ಕಡೆಗೆ ಹೋದೆವು. ಕಾಕುಗೆ ಹೆಣ್ಣು ಕೂಸು ಹುಟ್ಟಿ ಉಳಿಯಿತು. ಹೆಸರಿಡುವ ದಿನ ಅಪ್ಪ ಹೋಗಿದ್ದ. ಕಾಕಾ "ಬಾ ಅಣ್ಣಾ" ಅಂದ, ಅಪ್ಪ "ಹೂಂ" ಅಂದ. ಆ ಮೇಲೆ ಮಾತುಗಳು ಅಷ್ಟಷ್ಟೇ ಬೆಳೆದವು, ಮಳೆ, ಊರು, ಆಯಿಯ ಔಷಧ. ಮುಷ್ಕರದ ಮಾತನ್ನು ಮಾತ್ರ ಇಬ್ಬರೂ ಸಾಯುವವರೆಗೆ ಎತ್ತಲಿಲ್ಲ. ಇಬ್ಬರೂ ಮತ್ತೆ ಒಟ್ಟಿಗೆ ಆಡಲೂ ಇಲ್ಲ. ಆಯಿ ಹೋದಳು. ಕಾಕಾನ ಎದೆ ಎರಕದ ಧೂಳಿಗೆ ಸೋತು ಅವನು ಮೊದಲು ಹೋದ, ಅಪ್ಪ ಅವನ ಹಿಂದೆ. ಅವ್ವನೂ ಈಗಿಲ್ಲ. ಚಾಳಿದ್ದಲ್ಲಿ ದೊಡ್ಡ ವಸತಿ ಕಟ್ಟಡ ಎದ್ದಿದೆ. ಬಯಲು ಅದರ ಗಾಡಿ ನಿಲ್ಲಿಸುವ ಜಾಗ.

ಕಳೆದ ವರ್ಷ ಚಿಂಚವಾಡದ ಒಂದು ಮದುವೆಯಲ್ಲಿ ಸಿದ್ದಪ್ಪ ಮಾಮಾ ಸಿಕ್ಕರು. ಕಣ್ಣು ಮಂಜು, ಕೈಯಲ್ಲಿ ಕೋಲು. ನನ್ನ ದನಿ ಹಿಡಿದು ಗುರುತಿಸಿದರು. "ಮಲ್ಲಣ್ಣನ ಮಗಳೇನವಾ?" ಎಂದವರೇ ಸುತ್ತಲಿನ ಹುಡುಗರನ್ನು ಕರೆದು ಆ ಹಿಡಿತದ ಕಥೆ ಶುರುಮಾಡಿದರು. ನಾನು ನಡುವೆ ಬಾಯಿ ಹಾಕಿದೆ.

"ಆ ವರ್ಷ ಸಂಪ ನಡದಿತ್ತಲ್ರಿ ಮಾಮಾ. ಅಪ್ಪ, ಕಾಕಾ ಮಾತಾಡ್ತಿರಲಿಲ್ಲ."

ಮಾಮಾ ಕಣ್ಣು ಕಿರಿದು ಮಾಡಿದರು. "ಸಂಪ? ಇದ್ದಿದ್ದೀತು ಬಿಡವಾ. ಆಗ ದಿನಾ ಒಂದು ಸಂಪ. ಮಾತಾಡ್ತಿರಲಿಲ್ಲ ಅಂತೀ? ಹುಚ್ಚಿ, ಅವ್ರಿಬ್ರೂ ಒಂದ ಜೀವ ಇದ್ದಂಗ ಇದ್ರು."

ಗೇಟು, ಲಾರಿ, ಜಾಳಿಗೆಗೆ ಬೆನ್ನು ಕೊಟ್ಟು ನಡೆದ ಅಪ್ಪ, ಎಲ್ಲವೂ ನನ್ನ ನಾಲಿಗೆಯ ತುದಿಗೆ ಬಂದವು. ಅದನ್ನು ಕಂಡ ನಮ್ಮ ಮನೆಯವರಲ್ಲಿ ಉಳಿದಿರುವವಳು ನಾನೊಬ್ಬಳೇ. ಆದರೆ ಆ ಮುದುಕನ ಮುಖದಲ್ಲಿದ್ದ ಬೆಳಕನ್ನು ನೋಡಿ ಸುಮ್ಮನಾದೆ. ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು, "ಹೇಳ್ರಿ ಮಾಮಾ, ಹರಿಣ ಒಳಗ ಬಂದ. ಮುಂದ?" ಎಂದೆ. ಮಾಮಾ ಕೋಲು ಪಕ್ಕಕ್ಕಿಟ್ಟು ಎರಡೂ ಕೈ ಅಗಲಿಸಿದರು. ಹುಡುಗರು ಮುಂದೆ ಬಾಗಿದರು. ಅವರು ಹೇಳಿ ಮುಗಿಸುವವರೆಗೆ ಅಪ್ಪನಿಗೆ ಮೂವತ್ತೈದು ದಾಟಿರಲಿಲ್ಲ, ಕಾಕಾನಿಗೆ ಇನ್ನೂ ಉಸಿರಿತ್ತು.