ಬಾಡಿಸಿದ ನಿಂಬೆ ತೋಟದಲ್ಲಿ

...ಅಥವಾ ಮೊದಲು ಚಿಗುರಿದ್ದು ಮೂರು ಗಿಡವಲ್ಲ, ಒಂದೇ ಇದ್ದೀತು. ಬುಡದ ಮಣ್ಣು ಒದ್ದೆಯಾಗಿತ್ತು ಎಂದು ಒಂದು ನೆನಪು ಹೇಳುತ್ತದೆ, ಒಣಗಿ ಬಿರುಕು ಬಿಟ್ಟಿತ್ತು ಎಂದು ಇನ್ನೊಂದು. ಎರಡರಲ್ಲೂ ಬಗ್ಗಿ ಮುಟ್ಟಿ ನೋಡುತ್ತಿರುವವನು ನಾನೇ, ಎರಡರಲ್ಲೂ ಅದೇ ಬಲಗೈ. ಇಂಥ ಸಾಕ್ಷಿಯ ಮಾತನ್ನು ಕೇಳುವ ತಾಳ್ಮೆ ನಿಮಗಿದ್ದರೆ ಮುಂದೆ ಹೇಳುತ್ತೇನೆ.

ನಮ್ಮ ಮಹಡಿಯ ಮೇಲಿನ ಕುಂಡದಲ್ಲಿ ಒಂದು ನಿಂಬೆಗಿಡವಿದೆ. ದಿನವೂ ನೀರುಂಡು ದಷ್ಟಪುಷ್ಟವಾಗಿ ಬೆಳೆದು ಒಂದು ಹೂವನ್ನೂ ಬಿಡದ ಸೋಮಾರಿ. ಹೆಚ್ಚುಕಡಿಮೆ ನನ್ನ ಹಾಗೆ. ಈಚೆಗೆ ವಾರಗಟ್ಟಲೆ ಊರಿಗೆ ಹೋದವನು ಅದನ್ನು ಮರೆತೇಬಿಟ್ಟೆ. ಬಂದಾಗ ಎಲೆಯೆಲ್ಲ ಉದುರಿ ಮುಳ್ಳಷ್ಟೇ ಉಳಿದಿತ್ತು. ನಾಚಿಕೆಯಿಂದ ಒಂದು ಬಕೆಟ್ ನೀರು ಸುರಿದೆ. ಆಮೇಲೊಂದು ಬೆಳಿಗ್ಗೆ ಮಹಡಿ ಹತ್ತಿದರೆ ಘಮಘಮ. ಮುಳ್ಳಿನ ಸಂದಿಯಲ್ಲೆಲ್ಲ ನೇರಳೆ ಬಣ್ಣದ ಮೊಗ್ಗು. ಮೂಗಿಗೆ ಹಿತವಾದದ್ದು ಬೆನ್ನಿಗೆ ಹಿತವಾಗಲಿಲ್ಲ. ಒಳಗೆ ಹೋಗಿ ಶಾಲು ಹೊದ್ದುಕೊಂಡೆ.

ಈ ವಾಸನೆ ನನಗೆ ನನ್ನ ಅಕ್ಕ ನಾಗಕ್ಕನ ತೋಟದ್ದು. ಕೂಡ್ಲಿಗಿಯಿಂದ ಕೊಟ್ಟೂರಿನ ಕಡೆಗೆ ಹೋಗುವ ದಾರಿಯಲ್ಲಿ, ಕೆಂಪು ಮಸಾರಿ ನೆಲದಲ್ಲಿ, ಅಕ್ಕನ ಗಂಡ ಬಸಣ್ಣ ಮಾವನಿಗೆ ನಿಂಬೆ ತೋಟವಿತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬಿ.ಎ. ಮುಗಿಸಿ, ಕೆಲಸವಿಲ್ಲದೆ, ಅಕ್ಕನ ರೊಟ್ಟಿ ಮುರಿಯುತ್ತ ಆಳವಾಗಿ ಯೋಚಿಸುವವನಂತೆ ನಟಿಸುತ್ತಿದ್ದೆ.

ನಿಂಬೆಯ ಸ್ವಭಾವ ವಿಚಿತ್ರ. ನೀರು ಸಿಗುತ್ತಲೇ ಇದ್ದರೆ ಕುಡಿ ಉದ್ದವಾಗುತ್ತ ಹೋಗುತ್ತದೆ, ಬರೀ ಎಲೆ. ನೀರು ನಿಲ್ಲಿಸಿದರೆ ಬೆಳೆಯುವುದನ್ನು ಬಿಟ್ಟು ಒಳಗೊಳಗೇ ಮೊಗ್ಗು ಕಟ್ಟಲು ತಯಾರಾಗುತ್ತದೆ. ಎಲೆ ಉದುರಿದ ಮೇಲೆ ಗೊಬ್ಬರ ಕೊಟ್ಟು ನೀರು ಬಿಟ್ಟರೆ ತೋಟವೆಲ್ಲ ಹೂವು. ನಡುವೆ ನೀರು ಸಿಕ್ಕಿತೋ, ಮತ್ತೆ ಎಲೆಯೇ. ತಡವಾಯಿತೋ, ಕಟ್ಟಿದ ಮೊಗ್ಗೂ ಒಣಗಿ, ಕೊಂಬೆಯೂ ಸಾಯುತ್ತದೆ. ಸಂಕ್ರಾಂತಿಗೆ ಮುಂಚಿನ ಆ ಒಣ ದಿನಗಳಲ್ಲಿ ಹೀಗೆ ಗಿಡಗಳನ್ನು ಬಾಡಿಸುವಾಗ ಅಕ್ಕನ ಮನೆಯಲ್ಲಿ ಒಂದು ಕಟ್ಟಳೆ: ತೋಟದೊಳಗೆ ಯಾರೂ ನೀರು ಕುಡಿಯಬಾರದು, ಬಂದವರಿಗೆ ಕೊಡಲೂಬಾರದು. ಬಾಯಾರಿದರೆ ಬೇಲಿ ದಾಟಿ, ಗಿಡಗಳಿಗೆ ಬೆನ್ನು ಮಾಡಿ ಕುಡಿಯಬೇಕು. ಬಂದವರಿಗೆ ಮೊದಲು ತಂಬಿಗೆ ನೀರು ಕೊಡುವ ಸೀಮೆಯಲ್ಲಿ ಮಾವ ನಗುತ್ತ ಹೇಳುತ್ತಿದ್ದ, "ಬರ್ರಿ, ಕುಂದರ್ರಿ. ನೀರು ಮಾತ್ರ ಕೇಳಬ್ಯಾಡ್ರಿ, ಗಿಡ ಕೇಳಿಸ್ಕಂತಾವು."

ಈ ಕಟ್ಟಳೆ ಮುರಿಯುತ್ತಿದ್ದವಳು ಒಬ್ಬಳೇ: ಮಾವನ ತಾಯಿ, ನಮ್ಮ ಅಪ್ಪನ ಅಕ್ಕ. ನಮಗೆಲ್ಲ ಅತ್ತೆ. ಬೋರು ಹಾಕಿಸುವ ಮೊದಲು ದೂರದ ಬಾವಿಯಿಂದ ಕೊಡ ಹೊತ್ತು ಆ ಸಸಿಗಳನ್ನು ಬದುಕಿಸಿದವಳು. ಹೊಸದಾಗಿ ಮದುವೆಯಾಗಿ ಬಂದ ನಾಗಕ್ಕನೂ ಅವಳ ಹಿಂದೆ ಹೊತ್ತಿದ್ದಳು. ಬಾಡಿಸುವ ದಿನಗಳಲ್ಲಿ ಅತ್ತೆಗೆ ತಡೆಯುತ್ತಿರಲಿಲ್ಲ. ಮಗನ ಕಣ್ಣು ತಪ್ಪಿಸಿ ಕೊಡ ಒಯ್ದು ಬುಡಕ್ಕೆ ಸುರಿಯುವಳು. "ನೀರು ಬೇಡೋ ಜೀವಕ್ಕ ಇಲ್ಲ ಅನಬಾರದಪ್ಪ," ಎನ್ನುವಳು. ಹಾಗಾಗಿ ತೋಟ ಹಸಿರಾಗಿ ಮಿರುಗುತ್ತಿತ್ತು, ಬುಟ್ಟಿ ತುಂಬುತ್ತಿರಲಿಲ್ಲ. ಆ ವರ್ಷ ಮಳೆಗಾಲಕ್ಕೆ ಮುಂಚೆಯೇ ಅತ್ತೆ ತೀರಿಕೊಂಡಳು. ಮಾವ ಹೇಳಿಬಿಟ್ಟ, "ಈ ಸಲಾನೂ ಹೂ ಬರಲಿಲ್ಲಂದ್ರ ಎಲ್ಲಾ ಕಡಿದು ಮೆಕ್ಕಿಜ್ವಾಳ ಹಾಕ್ತೀನಿ." ಅಂದಿನಿಂದ ಅಕ್ಕ ತೋಟದ ಕಾವಲು ತಾನೇ ಹಿಡಿದಳು.

ಬಾಡುತ್ತಿರುವ ತೋಟದಲ್ಲಿ ನೀವು ಮಧ್ಯಾಹ್ನ ಕೂತಿದ್ದೀರಾ? ಗಾಳಿ ಇರುವುದಿಲ್ಲ, ಆದರೂ ಎಲೆ ಬೀಳುತ್ತದೆ. ಒಂದು ಇಲ್ಲಿ, ಆಮೇಲೆ ಒಂದು ಅಲ್ಲಿ, ಯಾರೋ ನಿಧಾನವಾಗಿ ನಡೆದು ಬರುತ್ತಿರುವ ಹಾಗೆ. ಹಕ್ಕಿಗಳೂ ಬೇರೆ ಕಡೆ ಹೋಗಿರುತ್ತವೆ. ಉಳಿದ ಎಲೆಗಳು ದೊನ್ನೆಯಂತೆ ಮಡಚಿಕೊಂಡು, ಇಡೀ ತೋಟ ಏನೋ ಕೇಳಿಸಿಕೊಳ್ಳುತ್ತಿದೆ ಅನ್ನಿಸುತ್ತದೆ.

ಆ ಬೂದಿ ಬಣ್ಣದ ನಡುವೆ ಒಂದು ದಿನ, ಬಾವಿಯ ದಾರಿಯ ಕಡೆಯ ಸಾಲಿನಲ್ಲಿ, ಎಳೆಯ ಚಿಗುರು ಕಂಡಿತು. ಬುಡದ ಪಕ್ಕ ಕೊಡ ಇಳಿಸಿದಂಥ ದುಂಡನೆಯ ಗುರುತು. ಗುರುತು ಇತ್ತು ಎಂದೇ ನನ್ನ ನೆನಪು. ಪ್ರಮಾಣ ಮಾಡು ಎಂದರೆ ಮಾಡಲಾರೆ.

"ಯಾರಲೇ ನೀರು ಹಾಕಿದ್ದು? ನೀನ?" ಮಾವ ಮೊದಲು ನನ್ನನ್ನೇ ಹಿಡಿದ.

"ನನಗ ಕೊಡ ಎತ್ತಾಕ ಬರತೈತೇನು ಮಾವ?"

"ಅದೂ ಖರೇನ ಬಿಡು. ನಿನಗ ಉಣ್ಣೋ ಗಂಗಾಳ ಒಂದು ಎತ್ತಾಕ ಬರತೈತಿ." ಆಮೇಲೆ ಅಕ್ಕನ ಕಡೆ ತಿರುಗಿದ. ಆಗ ಮುಖದಲ್ಲಿ ನಗೆಯಿರಲಿಲ್ಲ. "ನಮ್ಮವ್ವನ ಚಾಳಿ ನಿನಗ ಹತ್ತೇತಿ."

"ನಾ ಯಾಕ ಹಾಕ್ಲಿ? ತೋಟ ಹೋದ್ರ ನಿನಗಿಂತ ಮೊದ್ಲು ಹೊಟ್ಟಿ ಉರಿಯೋದು ನನಗ."

ಚಿಗುರು ಪಕ್ಕದ ಗಿಡಕ್ಕೂ ಹಬ್ಬಿತು. ಮಾವ ಒಂದು ಬೆಳಿಗ್ಗೆ ಮೆಕ್ಕೆಜೋಳದ ಬೀಜ ವಿಚಾರಿಸಿ ಬರುತ್ತೇನೆಂದು ಹರಪನಹಳ್ಳಿಯ ಬಸ್ಸು ಹತ್ತಿದ. ಅಂದು ತೋಟದಲ್ಲಿ ನಾವಿಬ್ಬರೇ. ನಾನು ಕಾವಲು ಗುಡಿಸಲಲ್ಲಿ ಕಣ್ಣು ಮುಚ್ಚಿ ಮಲಗಿದ್ದೆ. ಅಕ್ಕ ಆ ಗಿಡದ ಮುಂದೆ ನಿಂತು ಗಟ್ಟಿಯಾಗಿ ಮಾತಾಡತೊಡಗಿದಳು.

"ಅತ್ತೀ, ಸಾಕು ಮಾಡಬೇ ಇನ್ನ. ನಿನಗ ಕರುಳು ಐತಿ, ಗೊತ್ತೈತಿ ನನಗ. ನೀ ನೀರು ಹಾಕಿದ್ರ ಇವು ಬರೇ ಎಲಿ ಬಿಡ್ತಾವು. ಹೂ ಇಲ್ಲಂದ್ರ ನಿನ್ನ ಮಗ ಕೊಡ್ಲಿ ತರ್ತಾನ. ನೀರು ಕೊಟ್ಟು ಕೊಲ್ಲಬ್ಯಾಡ. ಕೇಳಿಸ್ತೇನು?"

ಸ್ವಲ್ಪ ಹೊತ್ತಿನ ಮೇಲೆ "ಹೂಂ" ಎಂಬ ದನಿ. ಸಣ್ಣ, ಬೇಸತ್ತ ದನಿ. ಅಕ್ಕ ತಾನೇ ಕೇಳಿ ತಾನೇ ಉತ್ತರ ಕೊಟ್ಟುಕೊಂಡಳು, ಅತ್ತೆಯನ್ನು ಕಳೆದುಕೊಂಡ ದುಃಖ ಹೀಗೆ ಹೊರಗೆ ಬರುತ್ತಿದೆ ಎಂದುಕೊಂಡೆ. ಬಿ.ಎ. ಓದಿದವನಿಗೆ ದುಃಖದ ವಿಷಯದಲ್ಲಿ ಎಲ್ಲವೂ ಬೇಗ ಅರ್ಥವಾಗುತ್ತದೆ.

ಅಂದಿನಿಂದ ಚಿಗುರು ಸುಟ್ಟ ಹಾಗೆ ಮುದುರಿತು. ಆ ಗಿಡಗಳೂ ಬೋಳಾದವು. ಸಂಕ್ರಾಂತಿ ಕಳೆದು ಮಾವ ಮೋಟರ್ ಹಾಕಿದ. ಎಲೆಗಿಂತ ಮೊದಲು ಹೂವು ಬಂತು, ತೋಟದ ಕೊನೆಯ ಸಾಲಿನವರೆಗೆ, ಜೇನು ಗುಂಯ್ ಎನ್ನುವಷ್ಟು. ಕೊಡಲಿಯ ಮಾತು ಮತ್ತೆ ಬರಲಿಲ್ಲ. ಇಷ್ಟು ವರ್ಷ ಇದನ್ನು ಅಕ್ಕನ ದುಃಖದ ಕತೆ ಎಂದು ಬಂದವರಿಗೆಲ್ಲ ಹೇಳಿ, ಅವರ ಕಣ್ಣು ಒದ್ದೆಯಾಗುವುದನ್ನು ನೋಡಿ ಸುಖಪಟ್ಟಿದ್ದೇನೆ.

ಶಾಲು ಹೊದ್ದ ಆ ಬೆಳಿಗ್ಗೆಯೇ ಅಕ್ಕನಿಗೆ ಫೋನು ಮಾಡಿದೆ. ಅತ್ತೆಯ ಜೊತೆ ಮಾತಾಡಿದ್ದು ನೆನಪಿದೆಯಾ ಎಂದೆ. ಅವಳು ನಕ್ಕಳು.

"ಸತ್ತೋರ ಜೋಡಿ ಮಾತಾಡಾಕ ನನಗೇನು ಹುಚ್ಚು ಹಿಡಿದಿತ್ತೇನಲೇ? ನಿನಗ ಹೇಳಿದ್ದು ನಾನು. ಗುಡಿಸಲದಾಗ ಎಚ್ಚರ ಅದೀ ಅಂತ ಗೊತ್ತಿತ್ತು. ನೀನ ಕದ್ದು ನೀರು ಹಾಕ್ತಿದ್ದಿ. ನೇರ ಕೇಳಿ ನಿನ್ನ ಮಾನ ಯಾಕ ಕಳೀಲಿ ಅಂತ ಅತ್ತಿ ಹೆಸರು ತಗಂಡೆ. ನೀನೂ ಒಳಗಿಂದ ಹೂಂ ಅಂದಿ, ನೀರು ಹಾಕೋದು ಬಿಟ್ಟಿ. ಮುಗೀತು."

"ಅಕ್ಕ, ನಾನು ನೀರು ಹಾಕಿರಲಿಲ್ಲ. ಹೂಂ ಅಂದದ್ದೂ ನಾನಲ್ಲ. ನೀನೇ ಅಂದಿ ಅಂತ ತಿಳಿದಿದ್ದೆ."

ಅಕ್ಕ ಬೇಡಿಕೊಳ್ಳುವ ಹಾಗೆ ಅಂದಳು, "ತಮ್ಮಾ, ಹೂಂ ಅಂದಾವ ನಾನ ಅಂತ ಹೇಳಲೇ. ಸುಳ್ಳಾದ್ರೂ ಹೇಳು."

ನಾನು ಹೇಳಿದೆ. ಅವಳು ಫೋನು ಇಟ್ಟಳು. ಅಂದು ಗಿಡಕ್ಕೆ ನೀರು ಹಾಕುತ್ತಿದ್ದವರು ಯಾರು, ಅಕ್ಕನ ಮಾತಿಗೆ ಒಪ್ಪಿ ನಿಲ್ಲಿಸಿದವರು ಯಾರು, ನನಗೆ ಗೊತ್ತಿಲ್ಲ.