ತಡವಾಗಿ ಬರುವ ಕಣ್ಣಿನ ಶಾಹಿದಾ

ಶಾಹಿದಾಳನ್ನು ಪಕ್ಕದಿಂದ ಕೂಗಿದರೆ ಮೊದಲು ತಲೆ ತಿರುಗುತ್ತಿತ್ತು, ಕಣ್ಣು ಆಮೇಲೆ ಬರುತ್ತಿತ್ತು. ತಲೆ ನನ್ನ ಕಡೆ ಬಂದು ನಿಂತರೂ ಕಣ್ಣು ಇನ್ನೂ ಬಾಗಿಲ ಹತ್ತಿರವೇ. ಹೊಸಬರು ಗಾಬರಿಯಾದರೆ ಅವಳೇ ನಗುತ್ತಿದ್ದಳು. “ತಲೆ ಕಂಪನಿ ಬಸ್ಸು, ಟೈಮಿಗೆ ಬತ್ತದೆ. ಕಣ್ಣು ಸಾತನೂರು ಬಸ್ಸು. ಒಸಿ ಲೇಟು.”

ಬಿಡದಿ ಕಡೆ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ ಅದು. ಬೆಳಗಾದರೆ ರಾಮನಗರದ ನಮ್ಮ ಬೀದಿಯ ಹುಡುಗಿಯರು ಕಂಪನಿ ಬಸ್ಸು ಹತ್ತಿ ಹೋಗುತ್ತಿದ್ದರು. ಪಕ್ಕದ ಮನೆ ಶಾಹಿದಾ ಮಾತ್ರ ಹಿತ್ತಲಿನ ಶೆಡ್ಡಿನಲ್ಲಿ ರೇಷ್ಮೆ ಲಡಿಗಳ ಮುಂದೆ ಕೂರುತ್ತಿದ್ದಳು. ಅವಳ ಅಮ್ಮಿ ಬೇಸಿನ್ನಿನ ಬಿಸಿನೀರಲ್ಲಿ ಬೆಂದ ಗೂಡಿನಿಂದ ನೂಲು ತೆಗೆದರೆ, ಕಡಿದ ಎಳೆ ಹುಡುಕಿ ಗಂಟು ಹಾಕುವುದು ಇವಳ ಕೆಲಸ. ನಡೆಯುವಾಗ ಗೋಡೆ ಹಿಡಿಯಬೇಕು, ಲೋಟ ಎತ್ತಿದರೆ ಅರ್ಧ ಟೀ ನೆಲಕ್ಕೆ. ಆದರೂ ಮೊಣಕೈಯನ್ನು ಮಂಡಿಗೆ ಒತ್ತಿಕೊಂಡು, ನಾಲ್ಕು ಸಲ ತಪ್ಪಿ ಐದನೇ ಸಲ ಗಂಟು ಹಾಕುತ್ತಿದ್ದಳು. ಆ ಗಂಟು ಬಿಚ್ಚಿದ್ದು ನಾನು ಕಾಣೆ.

ಹದಿನಾರರವರೆಗೆ ಕುಂಟೋಬಿಲ್ಲೆ ಆಡಿದ ಹುಡುಗಿ. ಆಮೇಲೆ ಇದು ಶುರುವಾಯಿತು. ಕೇಳಿದವರಿಗೆ ಮನೆಯವರು “ಮೆಟ್ಲಿಂದ ಬಿದ್ಲು” ಎನ್ನುತ್ತಿದ್ದರು. ನಾನೂ ಸುಮ್ಮನಿರದೆ ಕಬ್ಬಾಳಿನ ಗುಡಿಗೆ ಹೋಗಿ ತಾಯಿಯ ಪಾದದ ಹತ್ತಿರ ಇಟ್ಟಿದ್ದ ನಿಂಬೆಹಣ್ಣು ತಂದು, ದಿಂಬಿನ ಕೆಳಗೆ ಇಟ್ಟುಕೋ ಅಂತ ಕೊಟ್ಟೆ. ಮಾರನೇ ದಿನ ಅದನ್ನೇ ಶರಬತ್ತು ಮಾಡಿ ನನಗೂ ಒಂದು ಲೋಟ ಕಳಿಸಿದಳು. “ಅಮ್ಮನ ಪ್ರಸಾದ ಕೊಳೆಸಬಾರ್ದು ಅಲ್ವಾ ಅಕ್ಕ? ಯಾರ್ಗೆ ಎಷ್ಟು ಬೇಕೋ ಅವಳೇ ಹಂಚ್ತಾಳೆ.”

ಕೊನೆಗೆ ಅವಳ ತಂಗಿ ನಸ್ರೀನ್ ಮತ್ತು ನಾನು ಅವಳನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಲೇಡಿ ಡಾಕ್ಟರು ಡಿಎನ್‌ಎ ಅಂದರು, ನರಕೋಶ ಅಂದರು. ಅರ್ಧ ಮಾತು ನನ್ನ ತಲೆಯ ಮೇಲೇ ಹಾದು ಹೋಯಿತು. ವಾಪಸು ಟ್ರೈನಿನಲ್ಲಿ ಶಾಹಿದಾನೇ ಪಾಠ ಮಾಡಿದಳು.

“ಎಲ್ರ ಮೈಯೊಳಗೂ ಸಣ್ಣ ದಾರ ಐತೆ ಅಕ್ಕ, ಅದೇ ಡಿಎನ್‌ಎ. ಅದು ದಿನಾ ಕಡೀತದೆ. ನಿಮ್ಮೊಳಗೆ ಗಂಟು ಹಾಕೋನು ಒಬ್ಬ ಕುಂತವ್ನೆ, ಕಡಿದಂಗೆಲ್ಲ ಹಾಕ್ತಾನೆ. ನನ್ನೊಳಗೆ ಅವ್ನು ಹುಟ್ಟಿದಾಗಿಂದ ರಜಾ.”

“ಹಂಗಾದ್ರೆ ಚರ್ಮ ಚೆನ್ನಾಗೇ ಐತಲ್ಲೇ? ನರಕ್ಕೆ ಮಾತ್ರ ಯಾಕೆ?”

“ಚರ್ಮದ ಬೇಸಿನ್ನಿಗೆ ಹೊಸಾ ಗೂಡು ಬೀಳ್ತಾನೇ ಇರ್ತದೆ. ನರದ್ದಕ್ಕೆ ಬೀಳಲ್ಲ. ಮೊದ್ಲು ಹಾಕಿದ್ದೇ ಕೊನೇವರೆಗೂ ಬರಬೇಕು. ಕಡಿದದ್ದು ಸೇರ್ಕಂಡು ಸೇರ್ಕಂಡು ಒಂದಿನ ಆ ನರ ಸತ್ತೋಯ್ತದೆ.”

“ಔಷಧಿ?”

“ಇಲ್ವಂತೆ,” ಎಂದವಳೇ ಸೌತೆಕಾಯಿ ಮಾರುತ್ತಿದ್ದವನ ಕಡೆ ತಿರುಗಿ, “ಏನಣ್ಣ, ಖಾರಕ್ಕೂ ಬರ ಬಂತಾ?” ಎಂದಳು.

ಆದರೆ ಡಾಕ್ಟರ ಇನ್ನೊಂದು ಮಾತು ಅವಳ ಹೊಟ್ಟೆಯೊಳಗೆ ಕೂತಿತ್ತು. ಅಪ್ಪನಿಂದಲೂ ಅಮ್ಮನಿಂದಲೂ ಆ ದೋಷ ಬಂದರೆ ಮಾತ್ರ ಈ ಕಾಯಿಲೆ. ಅವಳ ಅಮ್ಮಿಯೂ ತೀರಿಹೋದ ಅಪ್ಪನೂ ಅಕ್ಕತಂಗಿಯರ ಮಕ್ಕಳು. ನಸ್ರೀನಳಿಗೆ ನೋಡಿದ್ದ ಗಂಡೂ ಮಾಗಡಿಯ ಸೋದರಮಾವನ ಮಗ.

ನಾನೂ ಸೋದರಮಾವನನ್ನೇ ಕಟ್ಟಿಕೊಂಡವಳು. ನನ್ನ ಇಬ್ಬರು ಮಕ್ಕಳು ಗಟ್ಟಿಮುಟ್ಟಾಗಿದ್ದಾರೆ. ಅದು ನಮ್ಮ ಜಾಣತನವಲ್ಲ, ತಾಯಿಯ ದಯೆ ಅಂತ ಆ ಟ್ರೈನಿನಲ್ಲಿ ಮೊದಲ ಸಲ ಅನ್ನಿಸಿ, ಕೂತಲ್ಲೇ ಕೈ ಮುಗಿದೆ.

ಮಾಗಡಿಯ ಮಾಮು ಮದುವೆ ಮಾತಿಗೆ ಬಂದ ದಿನ ಶಾಹಿದಾಳನ್ನು ನಮ್ಮ ಮನೆಗೆ ಕಳಿಸಿದ್ದರು. ನೆಂಟರು ಬಂದಾಗಲೆಲ್ಲ ಹಾಗೇ. ಉಪ್ಪಿಟ್ಟು ಕೊಟ್ಟೆ, ಮುಟ್ಟಲಿಲ್ಲ.

“ಕೈ ಕೊಡಿ ಅಕ್ಕ, ಹೋಗಾನ.”

“ಅಮ್ಮಿ ಬೈತಾರೆ ಕಣೇ.”

“ಬೈಲಿ. ಬೈಗುಳಕ್ಕೆ ಯಾವ ನರಾನೂ ಸಾಯಲ್ಲ.”

ನನ್ನ ತೋಳು ಹಿಡಿದು, ತೂರಾಡುತ್ತ ನಡುಮನೆಗೇ ಹೋಗಿ ನಿಂತಳು. ಅಮ್ಮಿಯ ಮುಖ ಬಿಳಿಚಿತು.

“ಮಾಮು, ನಾನು ಮೆಟ್ಲಿಂದ ಬಿದ್ದಿಲ್ಲ. ಇಷ್ಟ್ ವರ್ಷದಿಂದ ಬತ್ತಾ ಇದೀರಲ್ಲ, ನಮ್ಮನೇಲಿ ಮೆಟ್ಲು ಎಲ್ಲೈತೆ ತೋರಿಸಿ?”

ಮಾಮು ನಿಜವಾಗಿಯೂ ಸುತ್ತ ನೋಡಿದರು. ಹೆಂಚಿನ ಮನೆ. ಹೊಸ್ತಿಲು ಬಿಟ್ಟರೆ ಹತ್ತುವಂಥದ್ದು ಏನೂ ಇಲ್ಲ.

“ಇದು ರಕ್ತದಾಗೆ ಬಂದದ್ದು. ಒಂದು ಕಡೆ ಸರಿಯಿದ್ರೂ ಸಾಕು, ಗಂಟು ಹಾಕೋನು ಇರ್ತಾನೆ. ಎರಡೂ ಕಡೆ ಕೆಟ್ರೆ, ಇಗೋ, ನಾನು. ನಾಳೆ ನಸ್ರೀನ್ ಮಗೂಗೂ ನೀವು ಮೆಟ್ಲು ಹುಡುಕ್ಬೇಕಾಯ್ತದೆ.”

ಮಾಮು ಟೀ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಅಮ್ಮಿ ಒಂದು ತಿಂಗಳು ಅವಳ ಜೊತೆ ಮಾತಾಡಲಿಲ್ಲ. ಅವರ ಹಿತ್ತಲಿನಿಂದ ನನಗೆ ಬರುತ್ತಿದ್ದ ಕರಿಬೇವೂ ಬಂದ್. ಆದರೆ ಗಿಡ ಗೋಡೆ ದಾಟಿ ಬಾಗಿತ್ತು, ನಾಲ್ಕೆಲೆ ನಮ್ಮ ಕಡೆಯೂ ಬೀಳುತ್ತಿತ್ತು. ಅದೂ ಒಂದು ದಯೆಯೇ.

ಮುಂದಿನ ವರ್ಷ ನಸ್ರೀನಳನ್ನು ಚನ್ನಪಟ್ಟಣದ ಗೊಂಬೆ ಮಾಡುವ ಹುಡುಗನಿಗೆ ಕೊಟ್ಟರು. ಯಾವ ದಿಕ್ಕಿನಿಂದಲೂ ನೆಂಟನಲ್ಲ. ಆ ಮದುವೆಯಲ್ಲಿ ಬಿರಿಯಾನಿ ಹಂಡೆಯ ಪಕ್ಕ ಸೌಟು ಹಿಡಿದು ನಿಂತವರು ಮಾಮುವೇ! ಶಾಹಿದಾಗೆ ಎಲ್ಲರ ಮುಂದೆ ಕುರ್ಚಿ ಹಾಕಿಸಿದವರೂ ಅವರೇ.

ಈಗ ಆ ಶೆಡ್ಡಿನಲ್ಲಿ ಶಾಹಿದಾ ಇಲ್ಲ. ತೀರಿಹೋಗುವ ಹಿಂದಿನ ತಿಂಗಳು ಅವಳ ಜೊತೆ ಕೂತು ಮಾತಾಡಿದ್ದೇ ಕೊನೆ. ಅಷ್ಟು ಹೊತ್ತಿಗೆ ಗಂಟು ಹಾಕಲು ಆಗುತ್ತಿರಲಿಲ್ಲ, ಮಾತೂ ಎಳೆಯುತ್ತಿತ್ತು. ನಸ್ರೀನಳ ಆರು ತಿಂಗಳ ಮಗಳನ್ನು ನಾನು ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ಶಾಹಿದಾ ಚನ್ನಪಟ್ಟಣದ ಕೆಂಪು ಗಿಲಕಿಯನ್ನು ಎರಡೂ ಕೈಯಲ್ಲಿ ಹಿಡಿದು ಮಗುವಿನ ಮುಂದೆ ಅತ್ತಿತ್ತ ಆಡಿಸಿದಳು.

“ಈಗ್ಲೇ ಏನೂ ಗೊತ್ತಾಗಲ್ಲ ಅಕ್ಕ... ನಂಗೂ ಚಿಕ್ಕೋಳಿದ್ದಾಗ ಸರಿಯಾಗೇ ಇತ್ತು... ಆದ್ರೂ ನೋಡಾನ.”

ಮಗು ತಲೆ ಅಲ್ಲಾಡಿಸಲಿಲ್ಲ. ಕಪ್ಪು ಕಣ್ಣೆರಡೂ ಗಿಲಕಿಯ ಹಿಂದೆಯೇ ಆ ಕಡೆ ಹೋದವು, ಈ ಕಡೆ ಬಂದವು. ಶಾಹಿದಾಳ ತಲೆ ನನ್ನ ಕಡೆ ತಿರುಗಿತು. ಕಣ್ಣು ಬರುವವರೆಗೆ ನಾನು ಕಾದೆ. ಬಂದಾಗ ಅದರ ತುಂಬ ನಗು.

“ಅಕ್ಕಾ... ಸಾತನೂರು ಬಸ್ಸು ಟೈಮಿಗೆ ಬಂದ್ಬುಡ್ತು!”