ಮುಕ್ಕಾಲು ಇಂಚು ತಪ್ಪಿದ ಗಿಟಾರು

ಆ ಹಲ್ಲಿನ ಡಾಕ್ಟರು ಮೊದಲ ಸಲ ನನ್ನ ಅಂಗಡಿಗೆ ಬಂದಾಗ ಗಿಟಾರು ತಂದಿರಲಿಲ್ಲ, ಗಿಟಾರಿನ ಅಂಗಾಂಗಗಳನ್ನು ತಂದಿದ್ದ. ಕಾರಿನ ಡಿಕ್ಕಿಯಿಂದ ಒಂದೊಂದೇ ಪೊಟ್ಟಣ ಇಳಿಸಿ ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟ. ಜಪಾನಿನಿಂದ ತರಿಸಿದ, ಬೆರಳೊತ್ತುವ ಮೆಟ್ಟುಗಳಿರುವ ಹಳೆಯ ಹಿಡಿ. ಅಮೆರಿಕದಿಂದ ಬಂದ ಪಿಕಪ್ಪುಗಳು, ಅಂದರೆ ತಂತಿಯ ಅದುರನ್ನು ಕರೆಂಟಿಗೆ ತಿರುಗಿಸುವ ಅಯಸ್ಕಾಂತದ ಡಬ್ಬಿಗಳು. ತಂತಿಗಳ ಬುಡ ಕೂರುವ ಬ್ರಿಡ್ಜು ಜರ್ಮನಿಯದಂತೆ. ಪ್ರತಿಯೊಂದನ್ನೂ ಬಿಚ್ಚುವಾಗ ಅದರ ಕುಲಗೋತ್ರ ಹೇಳುತ್ತಿದ್ದ. ಹೆಣ್ಣು ತೋರಿಸುವವರೂ ಅಷ್ಟು ವರ್ಣಿಸುವುದಿಲ್ಲ.

ಚನ್ನಪಟ್ಟಣದಲ್ಲಿ ನನ್ನದು ಗೊಂಬೆ ಕಡೆಯುವ ಅಂಗಡಿ. ಪ್ರಾಯದಲ್ಲಿದ್ದಾಗ ಹತ್ತು ಹನ್ನೆರಡು ವರ್ಷ ಗಣಪತಿ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾದ ಜೊತೆ ಗಿಟಾರು ನುಡಿಸಿದ್ದೇನೆ. ಅದಕ್ಕೇ ಕನಕಪುರ, ಮಾಗಡಿ ಕಡೆಯ ವಾದ್ಯದವರು ಈಗಲೂ ಮುರಿದ ಗಿಟಾರು ಹೊತ್ತು ನನ್ನ ಬಳಿ ಬರುತ್ತಾರೆ. ಅವರು ಹೆಚ್ಚು ಮಾತಾಡುವುದಿಲ್ಲ. "ಸಂಜೆ ಪ್ರೋಗ್ರಾಂ ಐತೆ, ಒಸಿ ನೋಡಣ್ಣ" ಅನ್ನುತ್ತಾರೆ, ಅಷ್ಟೆ. ಡಾಕ್ಟರು ಹಾಗಿರಲಿಲ್ಲ. ರಾಮನಗರದಲ್ಲಿ ಕ್ಲಿನಿಕ್ಕು, ಐವತ್ತು ದಾಟಿದ ವಯಸ್ಸು, ನಾಲ್ಕು ಹಾಡು ನೆಟ್ಟಗೆ ನುಡಿಸಲು ಬಾರದು, ಆದರೆ ಮೊಬೈಲಿನಲ್ಲಿ ನೋಡಿ ಕಲಿತ ಪಾಂಡಿತ್ಯ ಮಾತ್ರ ಗಂಟಲವರೆಗೆ.

"ಗಿಟಾರಿನ ಮೈ ಆಲೆ ಮರದ್ದೇ ಆಗ್ಬೇಕು ಮೇಸ್ತ್ರಿ. ನಮ್ಮ ನೆಲದ ಮರ ಅದು. ಅದರೊಳಗೊಂದು ಜೀವ ಇರುತ್ತೆ" ಅಂದ. ಮೂಲೆಯಲ್ಲಿದ್ದ ಒಂದು ತುಂಡು ಎತ್ತಿಕೊಂಡು ಬೆರಳಿನಿಂದ ಕುಟ್ಟಿ ಕಿವಿಗಿಟ್ಟುಕೊಂಡ, ತೆಂಗಿನಕಾಯಿ ಆರಿಸುವವನ ಹಾಗೆ. ಅದು ಆಲೆ ಮರವೇ ಆಗಿರಲಿಲ್ಲ, ಸಿಲ್ವರ್ ಓಕಿನ ಪೆಟ್ಟಿಗೆಯೊಂದರ ಮುರುಕು.

ಆಲೆ ಮರ ಗೊಂಬೆಗೆ ಸರಿ. ಮೆತ್ತಗಿರುತ್ತದೆ, ಅರಗಿನ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಆದರೆ ಗಿಟಾರಿಗೆ ಸಾಲುವಷ್ಟು ಅಗಲದ ಹಲಗೆ ಅದರಲ್ಲಿ ಹುಟ್ಟುವುದಿಲ್ಲ. ಏಳು ಪಟ್ಟಿ ಅಂಟಿಸಿ, ವಾರಗಟ್ಟಲೆ ಬಿಗಿದಿಟ್ಟು, ಆಮೇಲೆ ಆಕಾರ ಕೊಯ್ದೆ. ಡಾಕ್ಟರು ಪ್ರತಿ ಭಾನುವಾರ ಬಂದು ಸ್ಟೂಲಿನ ಮೇಲೆ ಕೂತು ನನಗೇ ಪಾಠ ಹೇಳುತ್ತಿದ್ದ. ಉಳಿ ಹೇಗೆ ಹಿಡಿಯಬೇಕೆಂದೂ ಒಮ್ಮೆ ಹೇಳಿದ.

ಬ್ರಿಡ್ಜು ಕೂರಿಸುವ ದಿನ ಎಲ್ಲಿಂದಲೋ ಇಳಿಸಿಕೊಂಡ ನಕ್ಷೆಯೊಂದನ್ನು ಮುದ್ರಿಸಿ ತಂದ. ಹಿಡಿಗೆ ಟೇಪು ಹಿಡಿದು ನೋಡಿದೆ. ಗಿಟಾರಿನ ಲೆಕ್ಕ ಸರಳ. ಹಿಡಿಯ ತುದಿಯಿಂದ ಹನ್ನೆರಡನೇ ಮೆಟ್ಟಿನವರೆಗೆ ಎಷ್ಟು ದೂರವೋ, ಅಲ್ಲಿಂದ ಬ್ರಿಡ್ಜಿಗೂ ಅಷ್ಟೇ ಇರಬೇಕು. ಜಪಾನಿನ ಹಿಡಿ ಗಿಡ್ಡದು, ನಕ್ಷೆ ಉದ್ದನೆಯ ಹಿಡಿಗೆ ಬರೆದದ್ದು. ನಕ್ಷೆಯಂತೆ ಕೂರಿಸಿದರೆ ಬ್ರಿಡ್ಜು ಮುಕ್ಕಾಲು ಇಂಚು ಹಿಂದಕ್ಕೆ ಹೋಗುತ್ತಿತ್ತು.

"ಡಾಕ್ಟ್ರೇ, ಈ ಹಿಡಿಗೂ ಈ ನಕ್ಷೆಗೂ..." ಅಂದೆ.

"ನೋಡಿ ಮೇಸ್ತ್ರಿ, ನೀವು ಬೊಂಬೆ ಮಾಡೋರು. ಇದು ಇನ್‌ಸ್ಟ್ರುಮೆಂಟು. ನಕ್ಷೇಲಿ ಹೆಂಗಿದೆಯೋ ಹಂಗೆ ತೂತು ಹಾಕಿ, ಸಾಕು."

ಹಾಗೇ ತೂತು ಹಾಕಿದೆ. ಒಂದು ಕೂದಲಷ್ಟೂ ಆಚೀಚೆ ಆಗದ ಹಾಗೆ, ತಪ್ಪು ಜಾಗದಲ್ಲಿ.

ಅರಗು ಸವರಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಟ್ಟ ಮೇಲೆ ಅದು ನೋಡಲು ಚೆಂದವಾಗಿತ್ತು. ತಂತಿ ಕಟ್ಟಿ ಎರಡು ಸಾಲು ನುಡಿಸಿದೆ. ಒಳಗಿಂದ ಹೆಂಡತಿ ಬಂದಳು. ಅವಳು ಶನಿವಾರದ ಭಜನೆಯಲ್ಲಿ ಹಾಡುವವಳು, ಕಿವಿ ಚುರುಕು.

"ಇದ್ಯಾಕೆ ಮ್ಯಾಲಕ್ಕೆ ಹೋದಂಗೆಲ್ಲ ಅಪಸ್ವರ ಬತ್ತೈತೆ?"

"ಅವನು ಕೇಳಿದ್ದು ಹಿಂಗೇ."

"ಹೇಳ್ಬುಡಿ ಅವ್ರಿಗೆ. ತಿಳೀದೆ ಕೇಳವ್ರೆ."

"ಎಲ್ಲ ತಿಳಿದೋರು ಅವ್ರು" ಅಂದೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಒಳಗೆ ಹೋದಳು.

ಡಾಕ್ಟರು ಬಂದು ಮೊಬೈಲಿನ ಆ್ಯಪಿನಲ್ಲಿ, ಬೆರಳೊತ್ತದೆ, ಬಿಡಿ ತಂತಿಗಳನ್ನು ಶ್ರುತಿ ಮಾಡಿದ. ಆರಕ್ಕೆ ಆರೂ ಹಸಿರು ಗೆರೆ ತೋರಿಸಿದವು. ಬಿಡಿ ತಂತಿ ಸುಳ್ಳು ಹೇಳುವುದಿಲ್ಲ, ಬೆರಳು ಮೇಲೇರಿದಾಗಲೇ ಬಣ್ಣ ಬಯಲಾಗುವುದು. ಆತನ ಬೆರಳು ಅಷ್ಟು ಮೇಲೆ ಯಾವತ್ತೂ ಹೋಗುವುದಿಲ್ಲ ಎಂದುಕೊಂಡು, ಕಾರು ಕಣ್ಮರೆಯಾಗುವವರೆಗೂ ಬಾಗಿಲಲ್ಲಿ ನಿಂತು ಒಳಗೊಳಗೇ ನಕ್ಕೆ.

ನಾಲ್ಕು ತಿಂಗಳ ಮೇಲೆ ನನ್ನ ದವಡೆ ಊದಿಕೊಂಡಿತು. ಊರಿನ ಮಾತ್ರೆಗಳಿಗೆ ಬಗ್ಗಲಿಲ್ಲ. ರಾಮನಗರಕ್ಕೇ ಹೋಗಬೇಕಾಯಿತು, ಆತನ ಕುರ್ಚಿಯಲ್ಲೇ ಮಲಗಬೇಕಾಯಿತು. ಇಂಜೆಕ್ಷನ್ ಕೊಟ್ಟು, ಬಾಯಿಗೆ ಹತ್ತಿ ತುರುಕಿ, ಆತ ಹಲ್ಲು ಕೊರೆಯುತ್ತಲೇ ಮಾತು ತೆಗೆದ. ನನಗೆ ಕೇಳುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

"ಗಿಟಾರು ಎತ್ತಿಟ್ಬಿಟ್ಟೆ ಮೇಸ್ತ್ರಿ. ದಿನಾ ಬೆಳಗ್ಗೆ ಐದಕ್ಕೆ ಎದ್ದು ಕೂತ್ಕೋತಿದ್ದೆ, ಕ್ಲಿನಿಕ್ಕಿಗೆ ಬರೋವರೆಗೂ. ನೋಡಿ" ಅಂತ ಕೈಗವಸು ಬಿಚ್ಚಿ ಎಡಗೈ ತೋರಿಸಿದ. ನಾಲ್ಕೂ ಬೆರಳ ತುದಿ ಜಡ್ಡುಗಟ್ಟಿದ್ದವು. ಆರ್ಕೆಸ್ಟ್ರಾ ಬಿಟ್ಟ ಮೇಲೆ ನನ್ನ ಬೆರಳುಗಳೇ ಹಾಗಿಲ್ಲ. "ಮೇಲಕ್ಕೆ ಹೋದ್ರೆ ಎಲ್ಲಾ ಅಪಸ್ವರ. ನನ್ನ ಮಗಳು ನಗ್ತಾಳೆ. ಏಳನೇ ಕ್ಲಾಸಲ್ಲಿ ಸ್ಕೂಲಿನ ಪ್ರಾರ್ಥನೆ ತಂಡದಿಂದ ನನ್ನ ಆಚೆ ಕಳಿಸಿದ್ರು, ಸ್ವರಜ್ಞಾನ ಇಲ್ಲ ಅಂತ. ಅವರು ಹೇಳಿದ್ದೇ ಸರಿ ಅಂತ ಈಗ ಗೊತ್ತಾಯ್ತು."

ಹೊಸ ಕೈಗವಸು ಹಾಕಿಕೊಂಡು ಮತ್ತೆ ಕೆಲಸಕ್ಕೆ ಬಗ್ಗಿದ. ಆತನ ಕೈ ತುಂಬಾ ಹಗುರವಾಗಿತ್ತು. ಹತ್ತಿ ತೆಗೆದ ಮೇಲೆ ನಾನು ಮಾತಾಡಬಹುದಿತ್ತು. ತುಟಿ ಮರಗಟ್ಟಿದೆ ಎಂದು ಸನ್ನೆ ಮಾಡಿ ಎದ್ದು ಬಂದೆ. ಮನೆ ಸೇರುವವರೆಗೂ ಬಸ್ಸಿನಲ್ಲಿ ನನ್ನನ್ನು ನಾನೇ ಬೈದುಕೊಂಡೆ. ಗರ್ವಿಷ್ಠನನ್ನು ಗೇಲಿ ಮಾಡಬೇಕೆಂದು ಹೊರಟು, ಹಾಸಿಗೆ ಬಿಟ್ಟೇಳಲೂ ಮನಸ್ಸಾಗದ ಹೊತ್ತಿನಲ್ಲಿ ಎದ್ದು ಅಭ್ಯಾಸ ಮಾಡುವ ಮನುಷ್ಯನಿಗೆ ಮೋಸ ಮಾಡಿದ್ದೆ.

ಮುಂದಿನ ವಾರ ಹಲ್ಲು ತುಂಬಿಸಲು ಹೋದಾಗ, ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದೆ.

"ಡಾಕ್ಟ್ರೇ, ನಿಮ್ಮ ಕಿವಿ ಸರಿಯಾಗೈತೆ. ಬ್ರಿಡ್ಜು ತಪ್ಪು ಜಾಗದಲ್ಲೈತೆ, ಮುಕ್ಕಾಲು ಇಂಚು. ತೂತು ಹಾಕೋವಾಗ್ಲೇ ನಂಗೆ ಗೊತ್ತಿತ್ತು."

ಆತ ಕೈ ತೊಳೆಯುತ್ತಿದ್ದ. ನಲ್ಲಿ ನಿಲ್ಲಿಸಿ, ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ.

"ಗೊತ್ತಿದ್ದೂ ಹಾಕಿದ್ರಾ?"

"ಹೂಂ."

"ಕೂತ್ಕೊಳ್ಳಿ" ಅಂದ. ಕೂತೆ. ಹಿಂದಿನ ವಾರದಷ್ಟೇ ಹುಷಾರಾಗಿ ಹಲ್ಲು ತುಂಬಿಸಿದ. ಆತ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಭಾನುವಾರ ಗಿಟಾರು ತಂದ. ಹಳೆಯ ತೂತುಗಳಿಗೆ ಆಲೆ ಮರದ ಬಿರಡೆ ಬಡಿದು, ಬ್ರಿಡ್ಜನ್ನು ಸರಿಯಾದ ಜಾಗದಲ್ಲಿ ಕೂರಿಸಿದೆ. ಬಿರಡೆಗಳ ಮೇಲೆ ಎಷ್ಟು ಅರಗು ಸವರಿದರೂ ಬಣ್ಣ ಕೂಡಲಿಲ್ಲ, ಎರಡು ದುಂಡು ಕಲೆ ಉಳಿದವು. ಆತ ಸ್ಟೂಲಿನ ಮೇಲೆ ಕೂತು ಹನ್ನೆರಡನೇ ಮೆಟ್ಟಿನಾಚೆಗೆ ನಿಧಾನವಾಗಿ ಒಂದು ಸಾಲು ನುಡಿಸಿದ. ಸ್ವರ ಶುದ್ಧವಾಗಿ ನಿಂತಿತು. ಅದನ್ನೇ ಆರೇಳು ಸಲ ನುಡಿಸಿದ. ಕತ್ತು ಬಗ್ಗಿಸಿದ್ದರಿಂದ ಮುಖ ಕಾಣಲಿಲ್ಲ.

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, "ಈಗ ಸರಿಹೋಯ್ತು ಡಾಕ್ಟ್ರೇ, ಅಭ್ಯಾಸ ಬುಡಬೇಡಿ" ಅಂದಳು.

ಆತ ಬಿಡಲಿಲ್ಲ. ಈಗ ಹತ್ತು ಹಾಡು ನುಡಿಸುತ್ತಾನೆ, ಹತ್ತೂ ಸಾಧಾರಣ. ತಂತಿ ಬದಲಿಸಲು ಬಂದಾಗಲೆಲ್ಲ ಉಳಿ ಹಿಡಿಯುವುದು ಹೇಗೆಂದು ನನಗೆ ಇನ್ನೂ ಹೇಳಿಕೊಡುತ್ತಾನೆ. ನನಗೆ ಮೈ ಉರಿಯುತ್ತದೆ. ಆದರೂ ಆತ ಎದ್ದು ಹೋಗುವವರೆಗೆ ಕೇಳಿಸಿಕೊಳ್ಳುತ್ತೇನೆ.